ಮಂಡ್ಯ ಜಿಲ್ಲೆಯ ಉದ್ಯಾನಗಳು ಮತ್ತು ನದೀತೀರಗಳು

ಮಂಡ್ಯ ಜಿಲ್ಲೆಯು ಕರ್ನಾಟಕದ ದಕ್ಷಿಣ ಭಾಗದಲ್ಲಿರುವ ಒಳನಾಡಿನ ಜಿಲ್ಲೆಯಾಗಿದ್ದು, ಇದಕ್ಕೆ ಸಮುದ್ರತೀರವಿಲ್ಲ. ಕರಾವಳಿಯ ಜಿಲ್ಲೆಗಳಲ್ಲಿ ಕಡಲ ಕಿನಾರೆಗೆ ಇರುವ ಸ್ಥಾನವನ್ನು ಇಲ್ಲಿ ಕಾವೇರಿ, ಹೇಮಾವತಿ, ಶಿಂಷಾ ಮತ್ತು ಲೋಕಪಾವನಿ ನದಿಗಳ ದಂಡೆಗಳು ಪಡೆದಿವೆ. ರಜಾದಿನದ ವಿಹಾರ, ಪುಣ್ಯಸ್ನಾನ, ಅಸ್ಥಿ ವಿಸರ್ಜನೆ, ಹರಕೆಯ ಊಟ ಎಲ್ಲವೂ ಹೊಳೆಯ ದಡದಲ್ಲಿಯೇ ನಡೆಯುತ್ತವೆ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನ, ರಂಗನತಿಟ್ಟು ಪಕ್ಷಿಧಾಮ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತ ಹಾಗೂ ಮುತ್ತತ್ತಿ ಇವುಗಳಲ್ಲಿ ಪ್ರಮುಖವಾದವು.

ಭೌಗೋಳಿಕ ಹಿನ್ನೆಲೆ

ಮಂಡ್ಯ ಜಿಲ್ಲೆಯು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಮತ್ತು ಕೃಷ್ಣರಾಜಪೇಟೆ ಇದರ ಏಳು ತಾಲ್ಲೂಕುಗಳು. ಹೇಮಾವತಿಯು ಕೃಷ್ಣರಾಜಸಾಗರದ ಹಿನ್ನೀರಿನ ಪ್ರದೇಶದಲ್ಲಿ ಕಾವೇರಿಯನ್ನು ಸೇರುತ್ತದೆ. ಲೋಕಪಾವನಿಯು ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಬುಡದಲ್ಲಿ ಹರಿದು ಕಾವೇರಿಗೆ ಸೇರುವ ಚಿಕ್ಕ ನದಿ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರಿನ ಮೂಲಕ ಸಾಗಿ, ಶಿವನಸಮುದ್ರದ ಕೆಳಭಾಗದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ.

ಕಾವೇರಿಯು ತನ್ನ ಹರಿವಿನಲ್ಲಿ ಎರಡಾಗಿ ಕವಲೊಡೆದು ಮತ್ತೆ ಕೂಡುವ ಮೂರು ಪ್ರಸಿದ್ಧ ದ್ವೀಪಗಳಲ್ಲಿ ರಂಗನಾಥನ ಸನ್ನಿಧಿಗಳಿವೆ. ಆದಿರಂಗವೆನಿಸಿದ ಶ್ರೀರಂಗಪಟ್ಟಣವು ಈ ಜಿಲ್ಲೆಯಲ್ಲಿದೆ. ಮಧ್ಯರಂಗವೆನಿಸಿದ ಶಿವನಸಮುದ್ರ ಜಿಲ್ಲೆಯ ಗಡಿಯಲ್ಲಿದೆ. ಅಂತ್ಯರಂಗವು ತಮಿಳುನಾಡಿನ ಶ್ರೀರಂಗ. ಜಿಲ್ಲೆಯ ವಿಹಾರತಾಣಗಳ ಬಹುಪಾಲು ಈ ಎರಡು ದ್ವೀಪಗಳ ಸುತ್ತಮುತ್ತಲೇ ಇವೆ.

ಸೋಮನಹಳ್ಳಿ ಮತ್ತು ಶಿಂಷಾ ಬಯಲು

ಸೋಮನಹಳ್ಳಿಯು ಮದ್ದೂರು ತಾಲ್ಲೂಕಿನಲ್ಲಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮೇಲೆ, ನಿಡಘಟ್ಟ ಮತ್ತು ಮದ್ದೂರಿನ ನಡುವೆ ಇರುವ ಗ್ರಾಮ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಎಂ. ಕೃಷ್ಣ (1932–2024) ಅವರ ಹುಟ್ಟೂರು ಇದೇ. ಗ್ರಾಮದಲ್ಲಿ ಹೆಸರಾಂತ ಉದ್ಯಾನವಾಗಲಿ ಜಲಪಾತವಾಗಲಿ ಇಲ್ಲವಾದರೂ, ಜಿಲ್ಲೆಯ ಪೂರ್ವಭಾಗದ ತಾಣಗಳಿಗೆ ಹೋಗುವವರು ಹಾದುಹೋಗುವ ದಾರಿ ಇದಾಗಿದೆ. ಸಮೀಪದ ರುದ್ರಾಕ್ಷಿಪುರದಲ್ಲಿ ಹೆದ್ದಾರಿಯಿಂದ ತಿರುಗಿದರೆ ಸುಮಾರು 12 ಕಿ.ಮೀ. ದೂರದಲ್ಲಿ ಕೊಕ್ಕರೆ ಬೆಳ್ಳೂರು ಸಿಗುತ್ತದೆ.

ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ನೆನಪಿಗಾಗಿ ಕಟ್ಟಿದ ಸತ್ಯಾಗ್ರಹ ಸೌಧವು ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ಮದ್ದೂರು ವಡೆಗಾಗಿ ವಾಹನ ನಿಲ್ಲಿಸುವವರು ಬಹಳ ಮಂದಿ; ಸೌಧದೊಳಕ್ಕೆ ಹೋಗಿ ನೋಡುವವರು ಕಡಿಮೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣ ಪಟ್ಟಣಗಳನ್ನು ಹೊರವರ್ತುಲದಲ್ಲಿ ಬಿಟ್ಟು ಸಾಗುವುದರಿಂದ, ಪ್ರಯಾಣದ ಸಮಯ ಉಳಿಯಿತಾದರೂ ಹಳೆಯ ರಸ್ತೆಯ ಊರುಗಳು ಪ್ರಯಾಣಿಕರ ಕಣ್ಣಿನಿಂದ ಮರೆಯಾದವು. ಈ ಲೇಖನದಲ್ಲಿ ಹೇಳಿರುವ ಪೂರ್ವಭಾಗದ ತಾಣಗಳನ್ನು ನೋಡಬಯಸುವವರಿಗೆ ಹಳೆಯ ರಸ್ತೆಯೇ ಅನುಕೂಲ.

ಶಿಂಷಾ ನದಿಯು ಮದ್ದೂರಿನ ಬಳಿ ವರ್ಷದ ಹೆಚ್ಚು ಕಾಲ ಸಣ್ಣ ಹರಿವಾಗಿರುತ್ತದೆ. ಮರಳು ತೆಗೆದು ಗುಂಡಿ ಬಿದ್ದ ಪಾತ್ರದಲ್ಲಿ ಜೊಂಡು ಬೆಳೆದಿರುವ ಭಾಗಗಳೂ ಇವೆ. ಆದರೂ ಈ ಬಯಲಿನ ಕೆರೆಗಳೂ ನದಿಯ ಮಡುಗಳೂ ಇಲ್ಲದಿದ್ದರೆ ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಬರುತ್ತಿರಲಿಲ್ಲ.

ಕೊಕ್ಕರೆ ಬೆಳ್ಳೂರು

ಕೊಕ್ಕರೆ ಬೆಳ್ಳೂರು ಶಿಂಷಾ ನದಿಗೆ ಸಮೀಪದ ಗ್ರಾಮ. ಇಲ್ಲಿ ಬೇಲಿ ಹಾಕಿದ ಪಕ್ಷಿಧಾಮವಿಲ್ಲ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರಿನೊಳಗೆ, ಮನೆಗಳ ಹಿತ್ತಲಿನ ಹುಣಸೆ, ಅರಳಿ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಡಿಸೆಂಬರ್–ಜನವರಿಯ ಹೊತ್ತಿಗೆ ಬಂದು, ಮರಿ ಮಾಡಿ, ಮುಂಗಾರು ಆರಂಭವಾಗುವ ವೇಳೆಗೆ ಚದುರಿಹೋಗುತ್ತವೆ. ಮರದ ಕೆಳಗೆ ಎಮ್ಮೆ ಕಟ್ಟಿರುತ್ತದೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುತ್ತಿರುತ್ತದೆ. ಇಂಥ ನೆರೆಹೊರೆ ದಕ್ಷಿಣ ಭಾರತದಲ್ಲಿ ಕೆಲವೇ ಊರುಗಳಲ್ಲಿ ಉಳಿದಿದೆ.

ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಗ್ರಾಮಸ್ಥರು ಭಾವಿಸುತ್ತಾರೆ. ಊರು ಹಿಂದೆ ನದಿಗೆ ಇನ್ನೂ ಹತ್ತಿರದಲ್ಲಿತ್ತೆಂದೂ, ಪ್ಲೇಗ್ ಬಂದ ಕಾಲದಲ್ಲಿ ಜನರು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿದವೆಂದೂ ಹಿರಿಯರು ಹೇಳುವುದುಂಟು. ಈ ಬಾಂಧವ್ಯಕ್ಕೆ ಲೆಕ್ಕಾಚಾರದ ಮುಖವೂ ಇದೆ. ಗೂಡುಗಳಿರುವ ಮರದಿಂದ ಹುಣಸೆಹಣ್ಣು ಬಡಿಯುವಂತಿಲ್ಲ. ಹಣ್ಣಿನ ಕಾಲವೂ ಮರಿಗಳ ಕಾಲವೂ ಒಂದೇ. ಆ ನಷ್ಟಕ್ಕೆ ಅರಣ್ಯ ಇಲಾಖೆಯು ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತ ಬಂದಿದೆ. ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಯ ಗೋಡು ತುಂಬಿಸಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಸಾಗಿಸುವ ರೂಢಿಯೂ ಇತ್ತು. ರಾಸಾಯನಿಕ ಗೊಬ್ಬರ ಸುಲಭವಾಗಿ ದೊರೆಯತೊಡಗಿದ ಮೇಲೆ ಈ ರೂಢಿ ಕ್ಷೀಣಿಸಿತು. ಹುಣಸೆಮರಕ್ಕೆ ಬರುವ ಬೆಲೆ ಪರಿಹಾರಕ್ಕಿಂತ ಹೆಚ್ಚಾದಾಗ, ಅಥವಾ ಹಿತ್ತಲಿನಲ್ಲಿ ಹೊಸ ಮನೆ ಕಟ್ಟಬೇಕಾದಾಗ, ಮರ ಉಳಿಯುವುದು ಮಾಲೀಕನ ಔದಾರ್ಯವನ್ನು ಅವಲಂಬಿಸಿರುತ್ತದೆ.

ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಈ ಗ್ರಾಮದ ಮಹತ್ವವನ್ನು ಹೊರಜಗತ್ತಿನ ಗಮನಕ್ಕೆ ತಂದರು. 1994ರಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗತಜ್ಞರ ನೆರವಿನಿಂದ ಗ್ರಾಮದ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು ಮೀನು ತಿನ್ನಿಸಿ, ಹಾರುವ ಶಕ್ತಿ ಬಂದ ಮೇಲೆ ಬಿಡುವುದು ಬಳಗದ ಮುಖ್ಯ ಕೆಲಸ. 2007ರಲ್ಲಿ ಗ್ರಾಮವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹೆಜ್ಜಾರ್ಲೆಯು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಮೀಪವಿರುವ ಪ್ರಭೇದವಾಗಿದೆ.

ಹಕ್ಕಿಗಳಿಗೆ ಆಹಾರ ಸಿಗುವುದು ಗ್ರಾಮದಲ್ಲಲ್ಲ, ಮದ್ದೂರು ಕೆರೆ, ಸೂಳೆಕೆರೆ, ತೈಲೂರು ಕೆರೆ ಮೊದಲಾದ ಸುತ್ತಲಿನ ಕೆರೆಗಳಲ್ಲಿ. 2017ರ ಡಿಸೆಂಬರ್‌ನಿಂದ ಕೆಲವು ತಿಂಗಳ ಕಾಲ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು. ಕಲುಷಿತ ಕೆರೆಗಳ ಮೀನಿನಿಂದ ಈ ಸೋಂಕು ಬಂದಿರಬಹುದೆಂದು ಶಂಕಿಸಲಾಯಿತು. ಮರಗಳನ್ನು ಎಷ್ಟು ಕಾಪಾಡಿದರೂ ಕೆರೆಗಳು ಕೆಟ್ಟರೆ ಗ್ರಾಮಸ್ಥರು ಮಾಡಬಹುದಾದದ್ದು ಹೆಚ್ಚೇನೂ ಇರುವುದಿಲ್ಲ ಎಂಬುದು ಆ ವರ್ಷ ಸ್ಪಷ್ಟವಾಯಿತು.

ಸಂದರ್ಶಕರು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು. ಇದು ಜನವಸತಿಯ ಊರಾದ್ದರಿಂದ ಹಿತ್ತಲಿಗೆ ಕಾಲಿಡುವ ಮುನ್ನ ಮನೆಯವರನ್ನು ಕೇಳುವುದು ವಾಡಿಕೆ.

ಕೃಷ್ಣರಾಜಸಾಗರ ಮತ್ತು ಬೃಂದಾವನ

ಕನ್ನಂಬಾಡಿ ಕಟ್ಟೆ ಎಂದು ಜನರು ಕರೆಯುವ ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿಯು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರ್ ಆಗಿದ್ದಾಗ 1911ರಲ್ಲಿ ಆರಂಭವಾಗಿ ಸುಮಾರು ಎರಡು ದಶಕಗಳ ಕಾಲ ನಡೆಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯನ್ನು ಬಳಸಿ ಕಟ್ಟಿದ ಈ ಕಟ್ಟೆಯ ಉದ್ದ ಸುಮಾರು 8,600 ಅಡಿ, ಎತ್ತರ 130 ಅಡಿ. ಗರಿಷ್ಠ ನೀರಿನ ಮಟ್ಟ 124.80 ಅಡಿ, ಆಗ ಜಲಾಶಯದಲ್ಲಿ 49.45 ಟಿ.ಎಂ.ಸಿ. ನೀರು ಸಂಗ್ರಹವಾಗುತ್ತದೆ. ಮಳೆಗಾಲದಲ್ಲಿ ಈ ಮಟ್ಟದ ಅಂಕಿಯನ್ನು ಜಿಲ್ಲೆಯ ರೈತರು ದಿನವೂ ಪತ್ರಿಕೆಯಲ್ಲಿ ನೋಡುತ್ತಾರೆ.

ಅಣೆಕಟ್ಟಿನ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಉದ್ಯಾನವೇ ಬೃಂದಾವನ. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಂತಗಳು, ನಡುವೆ ಹರಿಯುವ ಕಾಲುವೆ, ಇಕ್ಕೆಲಗಳಲ್ಲಿ ಕಾರಂಜಿಗಳು ಇದರ ಲಕ್ಷಣ. ವಿನ್ಯಾಸದಲ್ಲಿ ಜರ್ಮನ್ ಮೂಲದ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರ ಪಾತ್ರವಿತ್ತು. ವಿಸ್ತೀರ್ಣ ಸುಮಾರು 60 ಎಕರೆ. ಸಂಜೆ ದೀಪ ಹೊತ್ತಿದ ಮೇಲೆ ಸಂಗೀತ ಕಾರಂಜಿ ನೋಡಲು ಜನ ಸೇರುತ್ತಾರೆ. ಹಲವು ಭಾಷೆಗಳ ಚಲನಚಿತ್ರಗಳ ಹಾಡುಗಳು ಇಲ್ಲಿ ಚಿತ್ರೀಕರಣವಾಗಿರುವುದರಿಂದ, ಮೊದಲ ಬಾರಿ ಬಂದವರಿಗೂ ಸ್ಥಳವು ಪರಿಚಿತವೆನಿಸುತ್ತದೆ. ಉದ್ಯಾನದ ನಿಜವಾದ ಸೊಬಗು ಅದರ ಇಳಿಜಾರಿನ ಅಳತೆಯಲ್ಲಿದೆ. ಅದನ್ನು ಕಾಣಲು ಬಣ್ಣದ ದೀಪಗಳಿಗಿಂತ ಇಳಿಹೊತ್ತಿನ ಬೆಳಕೇ ಮೇಲು.

ಜಲಾಶಯದಲ್ಲಿ ಹಳೆಯ ಕನ್ನಂಬಾಡಿ ಗ್ರಾಮ ಮುಳುಗಡೆಯಾಯಿತು. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವು ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ಮಾತ್ರ ಕಾಣಿಸುತ್ತಿತ್ತು. ಮುಂದೆ ಅದರ ಕಲ್ಲುಗಳನ್ನು ಒಂದೊಂದಾಗಿ ಗುರುತುಹಾಕಿ ಬಿಚ್ಚಿ ತಂದು, ಹೊಸ ಕನ್ನಂಬಾಡಿಯಲ್ಲಿ ಹಿನ್ನೀರಿನ ದಂಡೆಯ ಮೇಲೆ ಮರುನಿರ್ಮಿಸಲಾಯಿತು. ವಿಶಾಲವಾದ ನೀರಿನ ಬಯಲು, ದಡಕ್ಕೆ ಬಡಿಯುವ ಸಣ್ಣ ಅಲೆ, ಗಾಳಿ ಇವುಗಳಿಂದಾಗಿ ಮಂಡ್ಯ ಜಿಲ್ಲೆಯಲ್ಲಿ ಕಡಲತೀರವನ್ನು ಹೋಲುವ ಸ್ಥಳವೊಂದಿದ್ದರೆ ಅದು ಇದೇ. ದಂಡೆಯು ಮರಳಿನದಲ್ಲ, ಜೇಡಿಯದು. ನೀರು ಇಳಿದಾಗ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವ ಹೂಳಿನಲ್ಲಿ ಕಾಲು ಹೂತುಕೊಳ್ಳುತ್ತದೆ.

ಕಟ್ಟೆಯ ಸುರಕ್ಷತೆಯು ಜಿಲ್ಲೆಯಲ್ಲಿ ಸದಾ ಚರ್ಚೆಯಲ್ಲಿರುವ ವಿಷಯ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಸ್ಫೋಟಗಳಿಂದ ಅಣೆಕಟ್ಟಿಗೆ ಅಪಾಯವಿದೆ ಎಂಬ ದೂರಿನ ಹಿನ್ನೆಲೆಯಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಜನವರಿಯಲ್ಲಿ ಅಣೆಕಟ್ಟಿನ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶಿಸಿತು. ಬೃಂದಾವನವನ್ನು ಮನರಂಜನಾ ಉದ್ಯಾನವಾಗಿ ವಿಸ್ತರಿಸುವ ಯೋಜನೆಗೂ, ಕಾವೇರಿ ಆರತಿಯ ಯೋಜನೆಗೂ ರೈತ ಸಂಘಟನೆಗಳು ವಿರೋಧ ವ್ಯಕ್ತಪಡಿಸಿದವು. ಪ್ರವಾಸಿಗರಿಗೆ ಇದು ಉದ್ಯಾನ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಭತ್ತ, ಕಬ್ಬು ಬೆಳೆಯುವವರಿಗೆ ಇದು ಮೊದಲು ಕಟ್ಟೆ, ಆಮೇಲೆ ಉದ್ಯಾನ.

ರಂಗನತಿಟ್ಟು ಪಕ್ಷಿಧಾಮ

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೇ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದಾಗಿ ಉಂಟಾದ ತಿಟ್ಟುಗಳ ಸಮೂಹವೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಈ ಮಾನ್ಯತೆ ಪಡೆದ ಮೊದಲ ಜೌಗುಪ್ರದೇಶ ಇದು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಬಿಳಿ ಕೆಂಬರಲು, ನೀರುಕಾಗೆ, ನದಿ ರೀವ ಮೊದಲಾದವು ಇಲ್ಲಿ ಕಾಣಸಿಗುತ್ತವೆ. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ದೋಣಿಯಿಂದ ಹತ್ತಿರದಲ್ಲಿಯೇ ನೋಡಬಹುದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗುತ್ತವೆ, ದೋಣಿ ವಿಹಾರವನ್ನು ನಿಲ್ಲಿಸಲಾಗುತ್ತದೆ. ನೀರು ತೀರ ಕಡಿಮೆಯಾದಾಗ ತಿಟ್ಟುಗಳಿಗೂ ದಡಕ್ಕೂ ನಡುವಿನ ಅಂತರ ಬತ್ತಿ, ಗೂಡುಗಳಿಗೆ ನಾಯಿಗಳ ಕಾಟ ತಗಲುವ ಅಪಾಯವಿದೆ. ಹಕ್ಕಿಗಳ ಸಂಸಾರವು ಹೀಗೆ ಅಣೆಕಟ್ಟಿನ ಬಾಗಿಲುಗಳ ಮೇಲೆ ನಿಂತಿದೆ.

ಶ್ರೀರಂಗಪಟ್ಟಣದ ತೀರಗಳು

ದ್ವೀಪದ ಪೂರ್ವ ತುದಿಯಲ್ಲಿ ಕಾವೇರಿಯ ಎರಡು ಕವಲುಗಳು ಮತ್ತೆ ಕೂಡುವ ಸಂಗಮ, ಗಂಜಾಮ್‌ನ ನಿಮಿಷಾಂಬಾ ದೇವಾಲಯದ ಮೆಟ್ಟಿಲುಗಳು, ಗೋಸಾಯಿಘಾಟ್ ಮತ್ತು ಪಶ್ಚಿಮವಾಹಿನಿ ಇಲ್ಲಿನ ಮುಖ್ಯ ತೀರಗಳು. ನದಿಯು ಪಶ್ಚಿಮಕ್ಕೆ ತಿರುಗಿ ಹರಿಯುವ ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜನೆ ಮಾಡುವುದು ಶ್ರೇಷ್ಠವೆಂಬ ನಂಬಿಕೆಯಿದೆ. 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಇಲ್ಲಿಯೂ ವಿಸರ್ಜಿಸಲಾಯಿತು. ವಿಧಿಗಳ ನಂತರ ನೀರಿನಲ್ಲಿ ಬಿಡುವ ಬಟ್ಟೆ, ಮಡಕೆ, ಪ್ಲಾಸ್ಟಿಕ್ ಚೀಲಗಳು ದಡದಲ್ಲಿ ಅಡಿಗಟ್ಟಲೆ ಶೇಖರವಾಗುವುದು ಇಲ್ಲಿನ ದೀರ್ಘಕಾಲದ ಸಮಸ್ಯೆ.

ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗ್ ಬೇಸಿಗೆ ಅರಮನೆಯೂ ಅದರ ಸುತ್ತಲಿನ ಉದ್ಯಾನವೂ ನದಿಯ ಸಮೀಪದಲ್ಲಿದ್ದು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ.

ಬೆಳಗೊಳದ ಸಮೀಪದ ಬಲಮುರಿ ಮತ್ತು ಎಡಮುರಿಗಳು ಕಾವೇರಿಗೆ ಕಟ್ಟಿದ ತಗ್ಗಿನ ಒಡ್ಡುಗಳ ತಾಣಗಳು. ನದಿಯು ಬಲಕ್ಕೆ ಮತ್ತು ಎಡಕ್ಕೆ ತಿರುಗುವುದರಿಂದ ಈ ಹೆಸರುಗಳು ಬಂದಿವೆ. ಒಡ್ಡಿನ ಮೇಲಿಂದ ಹಾಳೆಯಂತೆ ಇಳಿಯುವ ನೀರಿನ ಕೆಳಗೆ ನಿಲ್ಲಲು ಬೇಸಿಗೆಯ ಭಾನುವಾರಗಳಲ್ಲಿ ಜನ ಕಿಕ್ಕಿರಿಯುತ್ತಾರೆ.

ಶಿವನಸಮುದ್ರ

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. ಗಗನಚುಕ್ಕಿಯನ್ನು ಮಳವಳ್ಳಿ ತಾಲ್ಲೂಕಿನ ಕಡೆಯಿಂದ ವೀಕ್ಷಣಾ ಕಟ್ಟೆಯ ಮೇಲೆ ನಿಂತು ನೋಡಬಹುದು. ಭರಚುಕ್ಕಿಯು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಇಲ್ಲಿನ ಜಲವಿದ್ಯುತ್ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂದಿತು. ನದಿಯ ನೀರನ್ನು ಕಾಲುವೆಯ ಮೂಲಕ ವಿದ್ಯುದಾಗಾರಕ್ಕೆ ತಿರುಗಿಸುವುದರಿಂದ ಬೇಸಿಗೆಯಲ್ಲಿ ಜಲಪಾತವು ಬಹುತೇಕ ಬರಿ ಬಂಡೆಯಾಗಿರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ, ಅದರಲ್ಲಿಯೂ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಹೊರಹರಿವು ಇರುವಾಗ, ಇದರ ಪೂರ್ಣ ರೂಪ ಕಾಣುತ್ತದೆ. ಹೊರಹರಿವಿನ ಸುದ್ದಿ ನೋಡದೆ ಹೊರಟವರು ನಿರಾಶರಾಗಿ ಹಿಂದಿರುಗುವುದು ಸಾಮಾನ್ಯ.

ಮುತ್ತತ್ತಿ ಮತ್ತು ಭೀಮೇಶ್ವರಿ

ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನ ದಾರಿಯಲ್ಲಿ ಇಳಿದರೆ ಮುತ್ತತ್ತಿ ಸಿಗುತ್ತದೆ. ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿನ ಗ್ರಾಮ. ಸೀತೆಯ ಮುತ್ತಿನ ಆಭರಣ ನದಿಯಲ್ಲಿ ಬಿದ್ದಾಗ ಹನುಮಂತನು ಬಾಲದಿಂದ ನೀರನ್ನು ಕಲಕಿ ಅದನ್ನು ಹುಡುಕಿಕೊಟ್ಟನೆಂಬುದು ಸ್ಥಳಪುರಾಣ. ಇಲ್ಲಿನ ಆಂಜನೇಯನಿಗೆ ಮುತ್ತುರಾಯ ಎಂಬ ಹೆಸರು. ಶನಿವಾರ, ಭಾನುವಾರಗಳಲ್ಲಿ ಭಕ್ತರು ಹೊಳೆಯ ದಡದಲ್ಲಿಯೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುತ್ತಾರೆ. ದಡದುದ್ದಕ್ಕೂ ಹೊಳೆಮತ್ತಿಯ ದೊಡ್ಡ ಮರಗಳಿವೆ. ಅವುಗಳ ಕೊಂಬೆಗಳಲ್ಲಿ ವಿರಳವಾದ ಬೂದುಬಣ್ಣದ ದೈತ್ಯ ಅಳಿಲನ್ನು ಕಾಣಬಹುದು.

ಇದೇ ತಾಲ್ಲೂಕಿನ ಭೀಮೇಶ್ವರಿ ಒಂದು ಕಾಲಕ್ಕೆ ಮಹಶೀರ್ ಮೀನಿನ ಗಾಳ ಬೇಟೆಗೆ ಪ್ರಸಿದ್ಧವಾಗಿತ್ತು. ಹಿಡಿದ ಮೀನನ್ನು ತೂಗಿ ನೀರಿಗೇ ಬಿಡುವ ಪದ್ಧತಿಯಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಅಭಯಾರಣ್ಯದೊಳಗೆ ಗಾಳ ಹಾಕುವುದನ್ನು ನಂತರ ನಿಲ್ಲಿಸಲಾಯಿತು. ಕಾವೇರಿ ನದಿ ವ್ಯವಸ್ಥೆಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿದೆ.

ಕೆಳಭಾಗದ ಮೇಕೆದಾಟಿನಲ್ಲಿ ಕರ್ನಾಟಕ ಸರ್ಕಾರವು ಉದ್ದೇಶಿಸಿರುವ ಸಮತೋಲನ ಜಲಾಶಯದ ಸಾಮರ್ಥ್ಯ ಸುಮಾರು 67 ಟಿ.ಎಂ.ಸಿ. ಅದು ನಿರ್ಮಾಣವಾದರೆ 5,000 ಹೆಕ್ಟೇರಿನಷ್ಟು ಪ್ರದೇಶ ಮುಳುಗಡೆಯಾಗಲಿದ್ದು, ಅದರ ಬಹುಪಾಲು ವನ್ಯಜೀವಿಧಾಮ ಮತ್ತು ಮೀಸಲು ಅರಣ್ಯವಾಗಿದೆ. ಬೆಂಗಳೂರಿಗೆ ಕುಡಿಯುವ ನೀರು ಮತ್ತು ವಿದ್ಯುತ್ ಯೋಜನೆಯ ಉದ್ದೇಶಗಳು. ತಮಿಳುನಾಡು ಇದನ್ನು ವಿರೋಧಿಸುತ್ತ ಬಂದಿದೆ. ಎರಡು ರಾಜ್ಯಗಳ ವಾದದ ನಡುವೆ ಈ ದಡದ ಹೊಳೆಮತ್ತಿಗಳ ಮಾತು ಅಪರೂಪಕ್ಕೆ ಮಾತ್ರ ಕೇಳಿಬರುತ್ತದೆ.

ನೀರಿನ ಅಪಾಯಗಳು

ಮುತ್ತತ್ತಿ, ಬಲಮುರಿ, ಎಡಮುರಿ, ಸಂಗಮ ಮತ್ತು ಗಗನಚುಕ್ಕಿಗಳಲ್ಲಿ ಈಜಲು ಇಳಿದವರು ಮುಳುಗಿ ಸಾಯುವ ಘಟನೆಗಳು ಪದೇ ಪದೇ ನಡೆಯುತ್ತವೆ. ಸತ್ತವರಲ್ಲಿ ನಗರಗಳಿಂದ ಬಂದ ಯುವಕರು, ವಿದ್ಯಾರ್ಥಿಗಳು ಹೆಚ್ಚು. ಸಮುದ್ರದ ಅಪಾಯ ಅಲೆಯಾಗಿ ಕಣ್ಣಿಗೆ ಕಾಣುತ್ತದೆ. ಕಾವೇರಿಯ ಅಪಾಯ ಮೇಲೆ ಕಾಣುವುದಿಲ್ಲ. ಮುತ್ತತ್ತಿಯಲ್ಲಿ ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದದ ಗುಂಡಿಗೆ ಬೀಳಬಹುದು. ಬಂಡೆಗಳಲ್ಲಿ ನೀರು ಕೊರೆದ ಪೊಟರೆಗಳಿದ್ದು, ಅವುಗಳ ಸುತ್ತ ಸುಳಿ ಏಳುತ್ತದೆ. ಒಡ್ಡುಗಳ ಕೆಳಗೆ ಬೀಳುವ ನೀರು ಮತ್ತೆ ಒಡ್ಡಿನ ಕಡೆಗೇ ಹಿಮ್ಮುಖವಾಗಿ ಸುತ್ತುವುದರಿಂದ, ಬಿದ್ದವರು ಎಷ್ಟು ಈಜಿದರೂ ಹೊರಬರುವುದು ಕಷ್ಟ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರುವುದೂ, ಬಿದ್ದವರನ್ನು ಉಳಿಸಲು ಈಜು ಬಾರದ ಗೆಳೆಯರು ಒಬ್ಬರ ಹಿಂದೊಬ್ಬರು ಇಳಿಯುವುದೂ ಸಾವಿನ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಇಂಥ ಸಂದರ್ಭದಲ್ಲಿ ನೀರಿಗಿಳಿಯದೆ ಹಗ್ಗ, ಸೀರೆ, ಪಂಚೆ ಅಥವಾ ಉದ್ದನೆಯ ಗಳುವನ್ನು ಎಸೆಯುವುದೇ ಸರಿಯಾದ ಕ್ರಮ.

ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ, ಸ್ಥಳದಲ್ಲಿ ಮಳೆ ಇಲ್ಲದಿದ್ದರೂ, ಬಂಡೆಯ ಮೇಲೆ ಕುಳಿತವರ ಸುತ್ತ ಮಟ್ಟ ಏರಬಹುದು. ಮಂಡ್ಯ ಜಿಲ್ಲಾಡಳಿತವು ಇಂಥ ಸಮಯದಲ್ಲಿ ನದೀಪಾತ್ರದ ಜನರಿಗೆ ಎಚ್ಚರಿಕೆ ನೀಡಿ, ಕೆಲವು ತಾಣಗಳಿಗೆ ಪ್ರವೇಶವನ್ನು ನಿಷೇಧಿಸುತ್ತದೆ.

ನಾಲೆಗಳ ದಡವೂ ಸುರಕ್ಷಿತವಲ್ಲ. ವಿಶ್ವೇಶ್ವರಯ್ಯ ನಾಲೆಯ ಇಕ್ಕೆಲಗಳು ಕಡಿದಾಗಿ ನುಣುಪಾಗಿರುವುದರಿಂದ ಬಿದ್ದವರಿಗೆ ಹಿಡಿಯಲು ಏನೂ ಸಿಗದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ, ಶಾಲಾ ಮಕ್ಕಳೂ ಸೇರಿದಂತೆ 30 ಮಂದಿ ಮೃತಪಟ್ಟರು. ನಾಲೆಯ ಪಕ್ಕದ ರಸ್ತೆಗಳಿಗೆ ತಡೆಗೋಡೆ ಕಟ್ಟಬೇಕೆಂಬ ಬೇಡಿಕೆ ಆನಂತರ ಬಲವಾಯಿತು.

ಇತರ ತಾಣಗಳು

ನದಿಯಿಂದ ದೂರವಿರುವ ತಾಣಗಳಲ್ಲಿ, ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಜೀವಿಧಾಮ ಮತ್ತು ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮ ಹೆಸರಿಸಬಹುದಾದವು. ಪಾಂಡವಪುರದ ಕುಂತಿ ಬೆಟ್ಟವು ಚಾರಣಿಗರಿಗೆ ಪರಿಚಿತ. ಮೇಲುಕೋಟೆಯ ಕಲ್ಯಾಣಿ ಮತ್ತು ಬೆಟ್ಟದ ಮೇಲಿನ ಯೋಗಾನರಸಿಂಹ ದೇವಾಲಯವನ್ನು ನೋಡಲು ಬರುವವರು ಅಲ್ಲಿನ ಪುಳಿಯೋಗರೆಯ ರುಚಿ ನೋಡದೆ ಹೋಗುವುದಿಲ್ಲ. ಹಕ್ಕಿಗಳಿಗಾಗಿ ಬರುವವರಿಗೆ ಜನವರಿಯಿಂದ ಏಪ್ರಿಲ್, ಜಲಪಾತಕ್ಕಾಗಿ ಬರುವವರಿಗೆ ಆಗಸ್ಟ್ ಮತ್ತು ಸೆಪ್ಟೆಂಬರ್ ತಕ್ಕ ಕಾಲ. ಎರಡನ್ನೂ ಒಂದೇ ಪ್ರವಾಸದಲ್ಲಿ ಪೂರ್ಣವಾಗಿ ನೋಡಲು ಸಾಧ್ಯವಿಲ್ಲ.